ಇದ್ದದ್ದರಲ್ಲಿ ತೂಗಿಸುವ ಆಟ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಎರಡು ದಿನ ಕೊಳ್ಳೇಗಾಲ ಸೀಮೆಯ ಮಾರ್ಟಳ್ಳಿಯಲ್ಲಿ ಗೆಳೆಯನ ಮನೆಯಲ್ಲಿದ್ದೆ. ರಾತ್ರಿ ಊಟವಾದ ಮೇಲೆ ಪಿಯುಸಿ ಓದುತ್ತಿರುವ ಅವನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತ. ಬೆಂಗಳೂರಲ್ಲಿ ಕೆಲಸ ಮಾಡುವ ಅಕ್ಕ ಸೆಕೆಂಡ್ ಹ್ಯಾಂಡಲ್ಲಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಪರದೆಯ ಮೇಲೆ ‘ಫುಟ್‌ಬಾಲ್ ಮ್ಯಾನೇಜರ್’ ತೆರೆದಿತ್ತು. ಹುಡುಗ ಬೆಂಗಳೂರು ಎಫ್‌ಸಿ ತಂಡದ ಹೊಣೆ ಹೊತ್ತು ಐದು ಪಂದ್ಯ ಆಡಿಸಿದ್ದ, ಅದರಲ್ಲಿ ನಾಲ್ಕು ಸೋತಿದ್ದ.

“ತಗೊಂಡೋರೆಲ್ಲ ಒಳ್ಳೆ ಪ್ಲೇಯರ್‌ಗಳೇ ಮಾಮ. ಆದ್ರೂ ಸೋಲ್ತಾನೇ ಇದೀನಿ. ಏನು ತಪ್ಪು ಮಾಡ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ” ಅಂದ.

ಬಾಗಿಲಲ್ಲಿ ಕೂತಿದ್ದ ಗೆಳೆಯ ಅಲ್ಲಿಂದಲೇ ಕೇಳಿದ: “ಈ ಆಟದಲ್ಲಿ ಬಾಲ್ ಒದೆಯೋದೇ ಇಲ್ವಂತಲ್ಲ, ಮತ್ತೆ ಇದೆಂಥ ಆಟ?”

ಅಪ್ಪ ಮಗ ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ ಎಂದು ನನಗೆ ಅನ್ನಿಸಿತು. ಈ ಆಟದಲ್ಲಿ ನೀವು ಆಡುವವರಲ್ಲ, ಆಡಿಸುವವರು. ಚೆಂಡು ನಿಮ್ಮ ಕೈಗೂ ಸಿಗುವುದಿಲ್ಲ, ಕಾಲಿಗೂ ಸಿಗುವುದಿಲ್ಲ. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು, ಯಾರಿಗೆ ಎಷ್ಟು ಸಂಬಳ, ಯಾವ ಹುಡುಗನಿಗಾಗಿ ಇನ್ನೆರಡು ವರ್ಷ ಕಾಯಬೇಕು ಎಂಬ ತೀರ್ಮಾನಗಳಷ್ಟೇ ನಿಮ್ಮವು. ಇದ್ದ ಹಣದಲ್ಲಿ, ಇದ್ದ ಜನರಲ್ಲಿ, ಇದ್ದ ದಿನಗಳಲ್ಲಿ ತೂಗಿಸಿಕೊಂಡು ಹೋಗುವುದೇ ಇಲ್ಲಿನ ಆಟ. ಹೊಸಬರು ಸೋಲುವುದು ಫುಟ್‌ಬಾಲ್ ಗೊತ್ತಿಲ್ಲದೆ ಅಲ್ಲ. ಇರುವುದನ್ನು ನೋಡುವ ಮೊದಲೇ ಇಲ್ಲದ್ದನ್ನು ತರಲು ಹೊರಡುವುದರಿಂದ ಸೋಲುತ್ತಾರೆ.

ಈ ಅಂಕಣ ಬರೆಯಲು ಇನ್ನೊಂದು ಕಾರಣವೂ ಇದೆ. ಕೊಳ್ಳೇಗಾಲ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿಗೂ ಮಾರ್ಟಳ್ಳಿಯ ಎಷ್ಟೋ ಮನೆಗಳಲ್ಲಿ ಒಳಗೆ ತಮಿಳು, ಶಾಲೆಯಲ್ಲಿ ಕನ್ನಡ. ಈ ಆಟದ ಪರದೆಯಲ್ಲೋ ಅವೆರಡೂ ಇಲ್ಲ. ಪುಟಗಟ್ಟಲೆ ಇಂಗ್ಲಿಷ್, ಅದೂ ಫುಟ್‌ಬಾಲ್ ಮಂದಿಯ ಇಂಗ್ಲಿಷ್. ಹುಡುಗ ಜಾಣ. ಆದರೂ ಅರ್ಧ ಪದಗಳನ್ನು ಅಂದಾಜಿನ ಮೇಲೆ ಓದಿಕೊಂಡಿದ್ದ. ಇಂಥ ಮಕ್ಕಳಿಗೆ ಕನ್ನಡದಲ್ಲಿ ಒಂದು ಕೈಮರ ಇರಬೇಕು ಎನ್ನುವುದು ನನ್ನ ಆಸೆ.

ಮೊದಲು ಆಟದ ಹಿನ್ನೆಲೆ. 1982ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ ಇದೇ ಹೆಸರಿನ ಒಂದು ಆಟ ಬರೆದಿದ್ದರು. ಈಗ ನಾವು ಆಡುವುದು ಬೇರೆ ವಂಶದ್ದು. ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು ಮನೆಯಲ್ಲೇ ಕೂತು ಬರೆದ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ 1992ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಅವರು ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆ ಕಟ್ಟಿದರು. ಪ್ರಕಾಶಕರಿಂದ ಬೇರೆಯಾದಾಗ ಹಳೆಯ ಹೆಸರು ಕೈತಪ್ಪಿಹೋಯಿತು. 2004ರಿಂದ ಸೆಗಾ ಸಂಸ್ಥೆಯ ಮೂಲಕ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹೆಸರಲ್ಲಿ ಅದು ಹೊರಬರುತ್ತಿದೆ. 2025ರ ಆವೃತ್ತಿ ಸಿದ್ಧವಾಗದೆ ರದ್ದಾಯಿತು. ಅದೇ ವರ್ಷ ನವೆಂಬರ್ 4ರಂದು ಬಂದ ‘ಫುಟ್‌ಬಾಲ್ ಮ್ಯಾನೇಜರ್ 26’ ಆವೃತ್ತಿಯಲ್ಲಿ ಮೊದಲ ಬಾರಿಗೆ ಮಹಿಳಾ ಫುಟ್‌ಬಾಲ್ ಸೇರಿದೆ.

ಇದರ ನಿಜವಾದ ಆಸ್ತಿ ಪರದೆಯ ಚಿತ್ರವಲ್ಲ, ಹಿಂದಿರುವ ಮಾಹಿತಿ ಕಣಜ. ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ಊರಿನ ಪಂದ್ಯಗಳನ್ನು ನೋಡಿ ಆಟಗಾರರಿಗೆ ಅಂಕ ಹಾಕುತ್ತಾರೆ. ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ಆಟಗಾರರನ್ನು ಹುಡುಕಲು ಈ ಕಣಜವನ್ನೇ ಬಳಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಹುಡುಗನಾಗಿದ್ದಾಗ ಈ ಆಟಕ್ಕೆ ಅಂಟಿಕೊಂಡಿದ್ದ ವಿಲ್ ಸ್ಟಿಲ್ 2022ರಲ್ಲಿ ಫ್ರಾನ್ಸಿನ ರೀಮ್ಸ್ ತಂಡದ ಕೋಚ್ ಆದರು. ಅವರಿಗೆ ಬೇಕಾದ ಪರವಾನಗಿ ಇಲ್ಲದ್ದರಿಂದ ಕ್ಲಬ್ ಪ್ರತಿ ಪಂದ್ಯಕ್ಕೂ 25,000 ಯೂರೊ ದಂಡ ತೆತ್ತು ಅವರನ್ನು ಉಳಿಸಿಕೊಂಡಿತು. ಆಟ ಆಡಿದವರೆಲ್ಲ ಕೋಚ್ ಆಗುವುದಿಲ್ಲ. ಆದರೆ ಪಂದ್ಯವನ್ನು ನೋಡುವ ಕಣ್ಣು ಇದರಿಂದ ಬೆಳೆಯುತ್ತದೆ.

ಶುರು ಮಾಡುವುದು ಹೇಗೆ?

ಹಳೆಯ ಲ್ಯಾಪ್‌ಟಾಪ್ ಇದ್ದರೆ ಎದೆಗುಂದಬೇಕಿಲ್ಲ. ಹಿಂದಿನ ಆವೃತ್ತಿಗಳು ಕಡಿಮೆ ಶಕ್ತಿಯ ಯಂತ್ರದಲ್ಲೂ ಓಡುತ್ತವೆ. ಆವೃತ್ತಿ ಬದಲಾದಂತೆ ಪರದೆಯ ರೂಪ ಬದಲಾಗುತ್ತದೆ, ಒಳಗಿನ ವಿವೇಕ ಅದೇ. ಹೊಸ ಆಟ ತೆರೆದಾಗ ಯಾವ ಯಾವ ದೇಶದ ಲೀಗ್‌ಗಳು ಬೇಕು, ಮಾಹಿತಿ ಕಣಜ ಎಷ್ಟು ದೊಡ್ಡದಿರಬೇಕು ಎಂದು ಕೇಳುತ್ತದೆ. ಇಲ್ಲಿಯೇ ಹೆಚ್ಚಿನವರು ಆಸೆಬುರುಕರಾಗುವುದು. ಇಡೀ ಯುರೋಪನ್ನು ಸೇರಿಸಿದರೆ ಒಂದು ದಿನ ಮುಂದಕ್ಕೆ ಹೋಗಲು ಯಂತ್ರ ಏದುಸಿರು ಬಿಡುತ್ತದೆ. ನೀವು ಆಡಿಸುವ ಒಂದೇ ದೇಶ, ಸಣ್ಣ ಕಣಜ, ಪಂದ್ಯ ನೋಡಲು ಮೂರು ಆಯಾಮದ ಬದಲು ಮೇಲಿನಿಂದ ಚುಕ್ಕಿಗಳಂತೆ ಕಾಣುವ ಎರಡು ಆಯಾಮದ ನೋಟ ಸಾಕು. ಚುಕ್ಕಿಗಳಲ್ಲೇ ಆಟದ ನಕ್ಷೆ ಚೆನ್ನಾಗಿ ತಿಳಿಯುತ್ತದೆ. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಇಲ್ಲದೆಯೂ ಆಡಬಹುದು. ಕರೆಂಟ್ ಹೋಗುವ ಊರಿನಲ್ಲಿ ಮಾತ್ರ ಪ್ರತಿ ಪಂದ್ಯದ ನಂತರ ಸೇವ್ ಮಾಡುವ ರೂಢಿ ಇರಲಿ.

ಯಾವ ತಂಡ? ದೊಡ್ಡ ತಂಡ ಹಿಡಿದರೆ ಸುಲಭ ಎಂದುಕೊಳ್ಳಬೇಡಿ. ಅಲ್ಲಿ ಎರಡನೆಯ ಸ್ಥಾನಕ್ಕೂ ಆಡಳಿತ ಮಂಡಳಿ ಮುಖ ಗಂಟಿಕ್ಕುತ್ತದೆ. ಹೆಸರು ಗೊತ್ತಿರುವ, ಪಂದ್ಯ ಟಿವಿಯಲ್ಲಿ ನೋಡಿರುವ ತಂಡ ಹಿಡಿಯುವುದು ಒಳ್ಳೆಯದು. ಭಾರತದ ಲೀಗ್ ಈ ಆಟದಲ್ಲಿ ಬಹಳ ವರ್ಷಗಳಿಂದ ಇದೆ. ಹಾಗಾಗಿ ನಮ್ಮ ಹುಡುಗ ಬೆಂಗಳೂರು ಎಫ್‌ಸಿ ಆರಿಸಿಕೊಂಡದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಅದರ ಮರುದಿನ. ಇದ್ದವರಲ್ಲಿ ಏಳು ಮಂದಿಯನ್ನು ಮಾರಿ, ಆರು ಮಂದಿ ವಿದೇಶಿಯರನ್ನು ತುಂಬಿಕೊಂಡಿದ್ದ. ಅವರಲ್ಲಿ ನಾಲ್ವರು ಫಾರ್ವರ್ಡ್‌ಗಳು. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 2021–22ರ ಋತುವಿನಿಂದ ಒಂದೇ ಹೊತ್ತಿಗೆ ಮೈದಾನದಲ್ಲಿ ನಾಲ್ವರು ವಿದೇಶಿಯರಿಗಷ್ಟೇ ಜಾಗ. ದೊಡ್ಡ ಸಂಬಳದ ಇಬ್ಬರು ಪ್ರತಿ ಪಂದ್ಯದಲ್ಲೂ ಬೆಂಚಿನ ಮೇಲೆ ಕೂತು ಮುನಿಸಿಕೊಳ್ಳುತ್ತಿದ್ದರು.

ಅದಕ್ಕೇ ಮೊದಲ ಮಾತು: ಮೊದಲ ಒಂದು ವಾರ ಯಾರನ್ನೂ ಕೊಳ್ಳಬೇಡಿ, ಯಾರನ್ನೂ ಮಾರಬೇಡಿ. ತಂಡದ ಪಟ್ಟಿ ತೆರೆದು ಒಬ್ಬೊಬ್ಬರನ್ನೇ ಓದಿ.

ಅಂಕಗಳನ್ನು ಓದುವುದು

ಪ್ರತಿ ಆಟಗಾರನಿಗೂ ಹಲವಾರು ಗುಣಗಳು, ಪ್ರತಿ ಗುಣಕ್ಕೂ 1ರಿಂದ 20ರವರೆಗೆ ಅಂಕ. ಮೂರು ಗುಂಪು ಮಾಡಿಕೊಂಡರೆ ನೆನಪಿಡುವುದು ಸುಲಭ. ಮೊದಲನೆಯದು ಕಾಲಿನ ಕೌಶಲ: ಪಾಸ್, ಟ್ಯಾಕಲ್, ಗೋಲಿಗೆ ಹೊಡೆತ. ಎರಡನೆಯದು ತಲೆಯ ಗುಣ: ಎಲ್ಲಿ ನಿಲ್ಲಬೇಕೆಂಬ ಅರಿವು, ಏಕಾಗ್ರತೆ, ಒತ್ತಡದಲ್ಲೂ ಕೆಡದ ಸಮಾಧಾನ. ಮೂರನೆಯದು ಮೈಕಟ್ಟು: ಓಟದ ವೇಗ, ದಮ್ಮು, ಬಲ. ಗೋಲ್‌ಕೀಪರ್‌ಗೆ ಬೇರೆಯೇ ಪಟ್ಟಿ. ಇವಲ್ಲದೆ ಕಣ್ಣಿಗೆ ಕಾಣದ ಗುಣಗಳೂ ಇವೆ. ಪದೇ ಪದೇ ಗಾಯಗೊಳ್ಳುವ ಮೈ, ದೊಡ್ಡ ಪಂದ್ಯದಲ್ಲಿ ಕೈಕೊಡುವ ಮನಸ್ಸು ಇಂಥವು. ಇವನ್ನು ಸ್ಕೌಟ್, ಅಂದರೆ ಆಟಗಾರರನ್ನು ಹೋಗಿ ನೋಡಿ ಬರುವವನು, ತನ್ನ ವರದಿಯಲ್ಲಿ ಸೂಚಿಸುತ್ತಾನೆ. ಆ ವರದಿ ಓದದೆ ಆಟಗಾರನನ್ನು ಕೊಳ್ಳುವುದು ಹಲ್ಲು ನೋಡದೆ ಎತ್ತು ಕೊಂಡ ಹಾಗೆ. ಈ ಹೋಲಿಕೆ ಕೇಳಿ ಗೆಳೆಯ ಬಾಗಿಲಿನಿಂದ ಎದ್ದು ಬಂದು ಪರದೆಯ ಮುಂದೆ ಕೂತ.

ನಕ್ಷತ್ರಗಳನ್ನು ನೋಡಿ ಮೋಸ ಹೋಗಬೇಡಿ. ನಕ್ಷತ್ರ ಎಂದರೆ ನಿಮ್ಮದೇ ತಂಡದ ಉಳಿದವರ ಮುಂದೆ ಆತ ಎಷ್ಟರವನು ಎಂಬ ಅಂದಾಜು ಅಷ್ಟೇ. ಅಂಕ ನೋಡುವಾಗಲೂ ಮೊತ್ತ ಬೇಡ, ಜಾಗಕ್ಕೆ ಬೇಕಾದ ನಾಲ್ಕೈದು ಗುಣ ನೋಡಿ. ಬೆಂಗಳೂರು ಎಫ್‌ಸಿ ಪರ ಆಡಿದ ಸುನಿಲ್ ಛೆಟ್ರಿ ಅವರನ್ನೇ ನೋಡಿ. 1984ರಲ್ಲಿ ಹುಟ್ಟಿದವರು 2024–25ರ ಋತುವಿನಲ್ಲಿ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದರು. ನಲವತ್ತು ದಾಟಿದ ಮೈಯಲ್ಲಿ ಹಳೆಯ ಓಟ ಇರುವುದಿಲ್ಲ, ಆದರೆ ಗೋಲಿನ ಮುಂದೆ ಎಲ್ಲಿ ನಿಲ್ಲಬೇಕೆಂಬ ಅರಿವು ಹಾಗೇ ಇರುತ್ತದೆ. ಆಟದಲ್ಲೂ ವಯಸ್ಸಾದವರ ಲೆಕ್ಕ ಹೀಗೆಯೇ. ಮೈಯ ಅಂಕ ಮೊದಲು ಇಳಿಯುತ್ತದೆ, ತಲೆಯ ಅಂಕ ಬಹಳ ಕಾಲ ಉಳಿಯುತ್ತದೆ. ಅಂಥವರನ್ನು ತೊಂಬತ್ತು ನಿಮಿಷ ಓಡಿಸಿ ದಣಿಸುವ ಬದಲು ಎದುರಾಳಿ ದಣಿದ ಕೊನೆಯ ಅರ್ಧ ಗಂಟೆಗೆ ಇಳಿಸಿದರೆ ಫಲ ಹೆಚ್ಚು.

ನಾಲ್ಕು ಸೋಲಿನ ಒಂದು ಕಾರಣ

ಹುಡುಗ ಬಿಟ್ಟುಕೊಟ್ಟ ಗೋಲುಗಳನ್ನು ಒಂದೊಂದಾಗಿ ಮತ್ತೆ ನೋಡಿದೆವು. ಪಂದ್ಯದ ಮುಖ್ಯ ಘಳಿಗೆಗಳನ್ನು ಆಟ ಉಳಿಸಿಕೊಂಡಿರುತ್ತದೆ. ಎಷ್ಟೋ ಹೊಸಬರು ಆ ಪುಟ ತೆರೆಯುವುದೇ ಇಲ್ಲ. ಮೂರನೆಯ ಗೋಲಿಗೆ ಬರುವಷ್ಟರಲ್ಲಿ ಹುಡುಗನೇ, “ಎಲ್ಲ ಒಂದೇ ಥರ ಇದೆಯಲ್ಲ ಮಾಮ” ಅಂದ. ಎದುರಾಳಿ ಮಧ್ಯ ಮೈದಾನದಿಂದ ಚೆಂಡನ್ನು ಡಿಫೆಂಡರ್‌ಗಳ ತಲೆ ಮೇಲಿಂದ ಹಿಂದಕ್ಕೆ ಎತ್ತಿ ಹಾಕುತ್ತಾನೆ, ಅವರ ಫಾರ್ವರ್ಡ್ ಓಡಿ ಹೋಗಿ ಹೊಡೆಯುತ್ತಾನೆ. ಇವನ ಇಬ್ಬರು ಸೆಂಟರ್ ಬ್ಯಾಕ್‌ಗಳು ಅವನ ಬೆನ್ನು ನೋಡುತ್ತ ಹಿಂದೆ ಓಡುತ್ತಾರೆ.

ಇಬ್ಬರ ಪುಟ ತೆರೆದೆವು. ಟ್ಯಾಕಲ್ 13, 14. ತಲೆಯಲ್ಲಿ ಚೆಂಡು ಹೊಡೆಯುವುದರಲ್ಲೂ ಗಟ್ಟಿಗರು. ಆದರೆ ಓಟದ ವೇಗ ಒಬ್ಬನಿಗೆ 8, ಇನ್ನೊಬ್ಬನಿಗೆ 9. ತಂಡದ ಸೂಚನೆ ನೋಡಿದರೆ ಡಿಫೆನ್ಸ್ ಸಾಲನ್ನು ಹುಡುಗ ಮೈದಾನದ ನಡುವಿನವರೆಗೂ ಮೇಲಕ್ಕೆ ತಂದಿಟ್ಟಿದ್ದ. ಯುರೋಪಿನ ದೊಡ್ಡ ತಂಡಗಳು ಹಾಗೆ ಆಡುತ್ತವೆ ಎಂದು ಎಲ್ಲೋ ನೋಡಿದ್ದನಂತೆ. ಬೆನ್ನ ಹಿಂದೆ ನಲವತ್ತು ಗಜ ಬಯಲು ಬಿಟ್ಟು ನಿಧಾನದವರನ್ನು ಕಾವಲಿಗೆ ನಿಲ್ಲಿಸಿದರೆ ಅವರಾದರೂ ಏನು ಮಾಡಿಯಾರು? ಅವರು ಕೆಟ್ಟ ಆಟಗಾರರಲ್ಲ. ಅವರಿಗೆ ಒಪ್ಪದ ಕೆಲಸ ಹೇಳಿದ್ದೇ ತಪ್ಪು. ಸಾಲನ್ನು ಕೆಳಗಿಳಿಸಿ, ಅವರ ಮುಂದೆ ಒಬ್ಬ ಮಿಡ್‌ಫೀಲ್ಡರ್‌ನನ್ನು ಅಡ್ಡ ನಿಲ್ಲಿಸಿದೆವು. ಇಷ್ಟಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

ತಂತ್ರ ಕಟ್ಟುವಾಗ ಮೊದಲು ಗೊತ್ತಿರುವ ಒಂದು ವ್ಯೂಹ ಇಟ್ಟುಕೊಳ್ಳಿ: 4-4-2 ಆಗಲಿ, 4-2-3-1 ಆಗಲಿ. ವ್ಯೂಹಕ್ಕೆ ಜನರನ್ನು ಹುಡುಕುವ ಬದಲು ನಿಮ್ಮಲ್ಲಿರುವ ಹನ್ನೊಂದು ಮಂದಿಗೆ ಯಾವುದು ಒಪ್ಪುತ್ತದೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರ್ನಾಲ್ಕು ಪಂದ್ಯ ಕಾಯಿರಿ. ಹೊಸ ತಂತ್ರ ಆಟಗಾರರ ಮೈಗೂಡಲು ಅಭ್ಯಾಸದ ದಿನಗಳು ಬೇಕೆಂಬುದನ್ನು ಆಟ ನಿಜವಾಗಿಯೂ ಲೆಕ್ಕ ಹಿಡಿಯುತ್ತದೆ. ಐದು ಪಂದ್ಯಕ್ಕೆ ಮೂರು ವ್ಯೂಹ ಬದಲಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದು ಎಂದಿಗೂ ತಿಳಿಯುವುದಿಲ್ಲ.

2013ರ ಪಾಠ

ವಿದೇಶಿಯರ ನಾಲ್ಕು ಜಾಗವನ್ನು ಎಲ್ಲಿ ಬಳಸಬೇಕು? ಇದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಜೆಎಸ್‌ಡಬ್ಲ್ಯೂ ಸಮೂಹ 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದಾಗ ಅದಕ್ಕೆ ಹಳೆಯ ಹೆಸರಿರಲಿಲ್ಲ, ಅಭಿಮಾನಿಗಳಿರಲಿಲ್ಲ, ಜೊತೆಯಾಗಿ ಆಡಿದ ತಂಡವೇ ಇರಲಿಲ್ಲ. ಕೋಚ್ ಆಗಿ ಬಂದ ಆಶ್ಲಿ ವೆಸ್ಟ್‌ವುಡ್ ಮೊದಲ ಋತುವಿನಲ್ಲಿ ಹಿಂಬದಿಗೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ, ನಡುವೆ ಲೈಬೀರಿಯಾದ ಜಾನಿ ಮೆನ್ಯೊಂಗರ್, ಮುಂದೆ ಆಸ್ಟ್ರೇಲಿಯಾದ ಶಾನ್ ರೂನಿ ಅವರನ್ನು ಇಟ್ಟುಕೊಂಡರು. ನಾಲ್ವರಲ್ಲಿ ಇಬ್ಬರು ಗೋಲು ತಡೆಯುವವರು ಎಂಬುದನ್ನು ಗಮನಿಸಿ. ಹಿಂದೆ, ನಡುವೆ, ಮುಂದೆ ಬೆನ್ನೆಲುಬಿನಂತೆ ಅವರು ನಿಂತರು, ಸುತ್ತ ಛೆಟ್ರಿ, ರಾಬಿನ್ ಸಿಂಗ್ ಮುಂತಾದ ಭಾರತೀಯರು ಆಡಿದರು. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದರು. ನಮ್ಮ ಹುಡುಗ ನಾಲ್ವರು ಫಾರ್ವರ್ಡ್‌ಗಳನ್ನು ತಂದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅವನಿಗೆ ತಾನೇ ಹೊಳೆಯಿತು.

ಉಳಿದ ಏಳು ಮಂದಿ ಭಾರತೀಯರೇ ಆಗಬೇಕು. ಆದ್ದರಿಂದ ಒಳ್ಳೆಯ ಭಾರತೀಯ ಆಟಗಾರನ ಬೆಲೆ ಈ ಲೀಗ್‌ನಲ್ಲಿ ತುಂಬ ದೊಡ್ಡದು. ಅವನನ್ನು ಮಾರುವ ಮೊದಲು ಮೂರು ಸಲ ಯೋಚಿಸಬೇಕು. ನಮ್ಮ ನಾಡಿನಲ್ಲಿ ಆಟಗಾರರಿಗೇನೂ ಬರವಿಲ್ಲ. ಮೈಸೂರು ಹೆಸರಿನಲ್ಲಿ ನಾಲ್ಕು ಬಾರಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿದ್ದ ರಾಜ್ಯ ತಂಡ 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಮತ್ತೆ ಗೆದ್ದಿತು. ಆಟದಲ್ಲೂ ಹಾಗೆಯೇ, ವರ್ಷಕ್ಕೊಮ್ಮೆ ಕ್ಲಬ್ಬಿನ ಅಕಾಡೆಮಿಯಿಂದ ಹದಿನೈದು ಹದಿನಾರರ ಹುಡುಗರ ಒಂದು ಗುಂಪು ಬರುತ್ತದೆ. ಹೊಸಬರು ಅದನ್ನು ನೋಡದೆ ಮುಂದೆ ಹೋಗುತ್ತಾರೆ. ಇವರು ಹೊಲದ ಅಂಚಿನಲ್ಲಿ ನೆಟ್ಟ ಸಸಿಗಳಿದ್ದಂತೆ. ಮೊದಲ ವರ್ಷ ಏನನ್ನೂ ಕೊಡುವುದಿಲ್ಲ. ಅಭ್ಯಾಸದಲ್ಲಿ ಒಬ್ಬ ಒಳ್ಳೆಯ ಹಿರಿಯ ಆಟಗಾರನ ಜೊತೆ ಇಟ್ಟು, ಸುಲಭದ ಪಂದ್ಯಗಳಲ್ಲಿ ಹತ್ತು ಇಪ್ಪತ್ತು ನಿಮಿಷ ಇಳಿಸುತ್ತ ಹೋದರೆ ಮೂರನೆಯ ವರ್ಷಕ್ಕೆ ನೀವು ಹಣ ಕೊಟ್ಟು ತರಬೇಕಾದವನು ಮನೆಯಲ್ಲೇ ಬೆಳೆದು ನಿಂತಿರುತ್ತಾನೆ.

ಎಲ್ಲವನ್ನೂ ನೀವೇ ಮಾಡಬೇಡಿ

ದಿನವೂ ಹತ್ತಾರು ಪತ್ರ ಬರುತ್ತವೆ. ಅಭ್ಯಾಸದ ವೇಳಾಪಟ್ಟಿ, ಪತ್ರಕರ್ತರ ಪ್ರಶ್ನೆ, ಕಿರಿಯರ ತಂಡದ ಪಂದ್ಯ, ಸಿಬ್ಬಂದಿ ನೇಮಕ, ಹೀಗೆ. ಮೊದಲ ವಾರವೇ ಇದೆಲ್ಲ ತಲೆಗೆ ಹತ್ತಿ ಬಹಳ ಮಂದಿ ಆಟ ಮುಚ್ಚಿಡುತ್ತಾರೆ. ಜವಾಬ್ದಾರಿ ಹಂಚುವ ಪುಟ ಒಂದಿದೆ. ಅಭ್ಯಾಸ, ಪತ್ರಿಕಾಗೋಷ್ಠಿ, ಕಿರಿಯರ ತಂಡ ಇವನ್ನು ಸಹಾಯಕ ಮ್ಯಾನೇಜರ್‌ಗೆ ಕೊಡಿ. ಹನ್ನೊಂದರ ಆಯ್ಕೆ, ತಂತ್ರ, ಯಾರನ್ನು ತರಬೇಕು ಎಂಬ ಮೂರನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಎರಡನೆಯ ಋತುವಿನಲ್ಲಿ ಒಂದೊಂದಾಗಿ ವಾಪಸು ತೆಗೆದುಕೊಂಡರಾಯಿತು.

ಪಂದ್ಯದ ದಿನ ಮೂರು ವಿಷಯ ನೋಡಿ. ಆಟಗಾರ ದಣಿದಿದ್ದಾನೆಯೇ, ಅವನಿಗೆ ಆಡುವ ರೂಢಿ ತಪ್ಪಿದೆಯೇ, ಅವನ ಹುರುಪು ಹೇಗಿದೆ. ಪರದೆಯ ಮೇಲೆ ‘ಮೊರೇಲ್’ ಎಂದು ಕಾಣುವುದು ಈ ಹುರುಪೇ. ಅದು ಕುಸಿದರೆ ಒಳ್ಳೆಯ ಅಂಕದವನೂ ಎಡವುತ್ತಾನೆ. ಮಾತು ಕೊಟ್ಟರೆ ಉಳಿಸಿಕೊಳ್ಳಿ. ಹೆಚ್ಚು ಪಂದ್ಯ ಕೊಡುತ್ತೇನೆಂದು ಒಬ್ಬನಿಗೆ ಹೇಳಿ ಮರೆತರೆ ಅವನೊಬ್ಬನೇ ಮುನಿಯುವುದಿಲ್ಲ, ಗೆಳೆಯರನ್ನೂ ಕಟ್ಟಿಕೊಂಡು ಬಂದು ನಿಲ್ಲುತ್ತಾನೆ.

ಹಣ ಎರಡು ಗಂಟಿನಲ್ಲಿರುತ್ತದೆ. ಒಂದು ಆಟಗಾರರನ್ನು ಕೊಳ್ಳಲು, ಇನ್ನೊಂದು ಸಂಬಳಕ್ಕೆ. ಮೊದಲನೆಯದು ಒಮ್ಮೆ ಕೊಟ್ಟರೆ ಮುಗಿಯಿತು. ಎರಡನೆಯದು ಕರಾರು ಮುಗಿಯುವವರೆಗೂ ಸೋರುತ್ತದೆ. ಕ್ಲಬ್‌ಗಳು ಮುಳುಗುವುದು ಹೆಚ್ಚಾಗಿ ಎರಡನೆಯದರಲ್ಲಿ. ಹೊಸಬನಿಗೆ ಕರಾರು ಬರೆಯುವಾಗ ವರ್ಷಗಳನ್ನು ಕಡಿಮೆ ಇಡಿ.

ಹೆತ್ತವರಿಗೂ ಒಂದು ಮಾತು. ಒಂದು ಋತು ಮುಗಿಸಲು ಹತ್ತಾರು ಗಂಟೆ ಬೇಕು, ‘ಇನ್ನೊಂದೇ ಪಂದ್ಯ’ ಎನ್ನುತ್ತ ಬೆಳಗಾಗುವುದು ಸುಳ್ಳಲ್ಲ. ದಿನಕ್ಕೆ ಎರಡು ಪಂದ್ಯ ಎಂದು ಮೊದಲೇ ಕಟ್ಟು ಹಾಕಿಕೊಳ್ಳಿ, ಪರೀಕ್ಷೆಯ ತಿಂಗಳಲ್ಲಿ ಅದೂ ಬೇಡ. ಆಟ ಎಲ್ಲಿ ನಿಲ್ಲಿಸಿದಿರೋ ಅಲ್ಲೇ ಕಾದಿರುತ್ತದೆ. ಸೋತ ಪಂದ್ಯವನ್ನು ಅಳಿಸಿ ಹಳೆಯ ಸೇವ್‌ನಿಂದ ಮತ್ತೆ ಆಡುವ ಚಾಳಿ ಮಾತ್ರ ಬೇಡವೇ ಬೇಡ. ಸೋಲಿನ ಪುಟವನ್ನೇ ಹರಿದು ಹಾಕಿದರೆ ಕಲಿಯಲು ಉಳಿಯುವುದೇನು? ನಮ್ಮ ಹುಡುಗನೂ ಹೊಸದಾಗಿ ಶುರು ಮಾಡುತ್ತೇನೆ ಎಂದ. ಬೇಡ, ಇದೇ ತಂಡವನ್ನು ಇಲ್ಲಿಂದಲೇ ಎತ್ತು ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದ.

ಮರುರಾತ್ರಿ ಆರನೆಯ ಪಂದ್ಯ. ಎದುರಾಳಿ ಪಟ್ಟಿಯ ಮೇಲ್ತುದಿಯಲ್ಲಿದ್ದ ತಂಡ. ಮೂವರು ಫಾರ್ವರ್ಡ್‌ಗಳನ್ನು ಬೆಂಚಿಗೆ ಕಳಿಸಿ, ಮಾರದೆ ಉಳಿದಿದ್ದ ಭಾರತೀಯ ಹುಡುಗರಿಬ್ಬರನ್ನು ಅಂಚುಗಳಲ್ಲಿ ಇಳಿಸಿದ. ಡಿಫೆನ್ಸ್ ಸಾಲು ಕೆಳಗೇ ಇತ್ತು. ಎದುರಾಳಿ ಹಿಂದಿನಂತೆಯೇ ಚೆಂಡು ಎತ್ತಿ ಹಾಕಿದ. ಈ ಸಲ ಅದು ಬೀಳುವ ಕಡೆ ಆ ನಿಧಾನದ ಸೆಂಟರ್ ಬ್ಯಾಕ್ ಮೊದಲೇ ನಿಂತಿದ್ದ, ತಲೆಯಲ್ಲಿ ಹೊಡೆದು ಆಚೆ ಕಳಿಸಿದ. ಒಂದು ಸಲ, ಎರಡು ಸಲ, ಏಳು ಸಲ. ಹುಡುಗ ಬೆರಳು ಮಡಚಿ ಎಣಿಸುತ್ತಿದ್ದ. ಗೆಳೆಯ ಒಳಗಿನಿಂದ ತಮಿಳಿನಲ್ಲಿ, ಗೆದ್ದೆಯೇನೋ ಎಂದು ಕೂಗಿ ಕೇಳಿದ.

ಹುಡುಗ ಪರದೆಯಿಂದ ಕಣ್ಣು ತೆಗೆಯದೆ, ಇಲ್ಲಪ್ಪಾ, ಸೊನ್ನೆ ಸೊನ್ನೆ, ಆದರೆ ಒಂದೂ ಗೋಲು ಬಿಡಲಿಲ್ಲ ಅಂದ. ಆಮೇಲೆ ಪಂದ್ಯ ಸೇವ್ ಮಾಡಿ, ಅಕಾಡೆಮಿ ಹುಡುಗರ ಪಟ್ಟಿ ತೆರೆದು ಮೊದಲನೆಯವನಿಂದ ಓದಲು ಶುರು ಮಾಡಿದ.